ಪ್ಯಾಟ್ರಿಕ್ ಕ್ಯಾವನಾ: ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಯಾರು ಈ ಕ್ಯಾವನಾ?

ಐರ್ಲೆಂಡಿನ ಮೊನಹನ್ ಕೌಂಟಿಯ ಇನಿಸ್ಕೀನ್ ಪ್ಯಾರಿಷ್‌ನಲ್ಲಿ ಮಕ್ಕರ್ ಎಂಬ ಪುಟ್ಟ ಊರಿದೆ (ಪ್ಯಾರಿಷ್ ಎಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರುಗಳು). ಐರಿಷ್ ಕವಿ ಕ್ಯಾವನಾ ಹುಟ್ಟಿದ್ದು ಅಲ್ಲಿ, 1904ರ ಅಕ್ಟೋಬರ್ 21ರಂದು. ತಂದೆಗೆ ಬೂಟು ಹೊಲಿಯುವ ಕಸುಬು, ಜೊತೆಗೆ ತುಂಡು ಜಮೀನು. ಹತ್ತು ಮಕ್ಕಳಲ್ಲಿ ಇವನು ನಾಲ್ಕನೆಯವನು. ಹದಿಮೂರರ ಸುಮಾರಿಗೆ ಶಾಲೆ ಬಿಟ್ಟ. ತಂದೆಯ ಬಳಿ ಬೂಟು ಹೊಲಿಯಲು ಕೂತ, ಕಸುಬು ಕೈಗೆ ಹತ್ತಲಿಲ್ಲ. ಮೂವತ್ತು ದಾಟುವವರೆಗೂ ಬೇಸಾಯವೇ ಅವನ ಮುಖ್ಯ ಕೆಲಸ. ಊರಿನ ಗೇಲಿಕ್ ಫುಟ್‌ಬಾಲ್ ತಂಡಕ್ಕೆ ಗೋಲ್‌ಕೀಪರ್ ಕೂಡ ಆಗಿದ್ದ. 1931ರಲ್ಲಿ ಸುಮಾರು 80 ಕಿಲೋಮೀಟರ್ ನಡೆದು ಡಬ್ಲಿನ್ನಿಗೆ ಹೋಗಿ, ತನ್ನ ಆರಂಭದ ಕೆಲವು ಪದ್ಯಗಳನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿದ್ದ ಕವಿ-ಸಂಪಾದಕ ಜಾರ್ಜ್ ರಸೆಲ್‌ನನ್ನು ಕಂಡು, ಹೊರಲಾರದಷ್ಟು ಪುಸ್ತಕ ಹೊತ್ತು ವಾಪಸಾದ. 1939ರಲ್ಲಿ ಡಬ್ಲಿನ್ನಿನಲ್ಲೇ ನೆಲೆ ನಿಂತ. ತೀರಿಕೊಂಡಿದ್ದು 1967ರ ನವೆಂಬರ್ 30ರಂದು.

ಕವಿ ಯೇಟ್ಸ್ ನಂತರದ ಐರಿಷ್ ಕಾವ್ಯದಲ್ಲಿ ಇವನಷ್ಟು ದೊಡ್ಡ ತಿರುವು ಕೊಟ್ಟವರು ಕಡಿಮೆ. ಮುಂದಿನ ತಲೆಮಾರಿನ ಕವಿ ಶೇಮಸ್ ಹೀನಿ ತನ್ನ ಊರಿನ ಕೆಸರು, ಕೊಟ್ಟಿಗೆ, ಆಲೂಗಡ್ಡೆಗಳೂ ಕಾವ್ಯಕ್ಕೆ ಸಲ್ಲುತ್ತವೆ ಎಂಬ ಧೈರ್ಯ ಪಡೆದದ್ದು ಇವನಿಂದ. ಅದನ್ನು ಹೀನಿಯೇ ಬರೆದಿದ್ದಾನೆ.

ಹೆಸರಿನ ಕೊನೆಯಲ್ಲಿ ‘ಘ್’ ಇಲ್ಲವೇ?

ಇಂಗ್ಲಿಷಿನಲ್ಲಿ ಬರೆಯುವಾಗ (Kavanagh) ಇದೆ, ಹೇಳುವಾಗ ಇಲ್ಲ. ‘ಕ್ಯಾವನಾ’ ಎಂದರೆ ಸಾಕು. ಮೊನಹನ್, ಡಂಡಾಕ್ ಊರುಗಳ ಹೆಸರಿನಲ್ಲೂ ಹೀಗೆ ಉಲಿಯದ ಅಕ್ಷರಗಳಿವೆ.

ಎಲ್ಲಿಂದ ಓದಲು ಶುರು ಮಾಡಬೇಕು?

‘ದಿ ಗ್ರೇಟ್ ಹಂಗರ್’ ಎಂಬ ದೀರ್ಘ ಕವಿತೆಯಿಂದ ಮಾತ್ರ ಬೇಡ. ವಿಮರ್ಶಕರು ಅದನ್ನೇ ಮೊದಲು ಹೆಸರಿಸುವುದರಿಂದ ಹೊಸಬರೂ ಅಲ್ಲಿಗೇ ಧುಮುಕುತ್ತಾರೆ, ಮೂರನೇ ಭಾಗದ ಹೊತ್ತಿಗೆ ಕಂಗೆಟ್ಟು ಪುಸ್ತಕ ಮುಚ್ಚುತ್ತಾರೆ. ನಮ್ಮ ಸಲಹೆ: ಮೊದಲು ‘ಇನಿಸ್ಕೀನ್ ರೋಡ್: ಜುಲೈ ಈವ್ನಿಂಗ್’, ‘ಶಾಂಕಡಫ್’, ‘ಸ್ಪ್ರೇಯಿಂಗ್ ದ ಪೊಟೇಟೋಸ್’, ‘ಎ ಕ್ರಿಸ್ಮಸ್ ಚೈಲ್ಡ್‌ಹುಡ್’, ‘ಎಪಿಕ್’. ಐದೂ ಚಿಕ್ಕವು, ಒಂದು ಸಂಜೆಯಲ್ಲಿ ಎರಡೆರಡು ಸಲ ಓದಬಹುದು. ಆಮೇಲೆ ‘ದಿ ಗ್ರೇಟ್ ಹಂಗರ್’. ಕೊನೆಗೆ 1955ರ ನಂತರದ ಡಬ್ಲಿನ್ನಿನ ಕಾಲುವೆ ದಡದ, ಹದಿನಾಲ್ಕು ಸಾಲಿನ ಸಾನೆಟ್‌ಗಳು ಮತ್ತು ‘ದ ಹಾಸ್ಪಿಟಲ್’. ಗದ್ಯ ಬೇಕಿದ್ದರೆ ‘ಟ್ಯಾರಿ ಫ್ಲಿನ್’ ಕಾದಂಬರಿ.

ಇವನನ್ನು ಓದುವ ಕ್ರಮ ಒಂದೇ: ಕವಿತೆಯಲ್ಲಿ ಬರುವ ವಸ್ತು, ಹೊತ್ತು, ದಿಕ್ಕು, ಅಳತೆಗಳನ್ನು ಇದ್ದಂತೆಯೇ ನಂಬುವುದು. ಅಲ್ಲಿ ಅಲಂಕಾರಕ್ಕೆಂದು ಇಟ್ಟದ್ದು ತೀರಾ ಕಡಿಮೆ. ಮುಂದಿನ ಕೆಲವು ಪ್ರಶ್ನೆಗಳು ಇದೇ ಕಾರಣಕ್ಕೆ ಹುಟ್ಟಿದವು.

‘ಇನಿಸ್ಕೀನ್ ರೋಡ್’ನಲ್ಲಿ, ಜುಲೈ ಸಂಜೆ ಎಂಟೂವರೆಗೆ ರಸ್ತೆಯಲ್ಲಿ ನೆರಳೇ ಇಲ್ಲ ಎನ್ನುತ್ತಾನೆ. ಕತ್ತಲಾಗಿರುವುದರಿಂದಲೇ?

ಅಲ್ಲ. ನಮ್ಮಲ್ಲಿ ಎಂಟೂವರೆ ಎಂದರೆ ರಾತ್ರಿ, ಊಟದ ಹೊತ್ತು. ಇನಿಸ್ಕೀನ್ ಇರುವುದು ಸುಮಾರು 54 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಬೇಸಿಗೆ ವೇಳೆಗೆ ಗಡಿಯಾರವನ್ನು ಮುಂದಿಟ್ಟಿರುವ ಅಲ್ಲಿ ಜುಲೈ ನಡುವಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ. ಅಂದರೆ ಕವಿತೆಯ ಹೊತ್ತಿನಲ್ಲಿ ರಸ್ತೆ ನಿಚ್ಚಳವಾಗಿ ಕಾಣುತ್ತಿದೆ. ನೆರಳಿಲ್ಲ ಎಂದರೆ ನೆರಳು ಬೀಳಿಸುವ ಒಂದು ನರಪಿಳ್ಳೆಯೂ ಒಂದು ಮೈಲಿಯುದ್ದಕ್ಕೂ ಇಲ್ಲ ಎಂದರ್ಥ. ಊರಿನ ಹುಡುಗ ಹುಡುಗಿಯರೆಲ್ಲ ಸೈಕಲ್ಲಿನಲ್ಲಿ ಇಬ್ಬಿಬ್ಬರು ಮೂವರು ಸೇರಿ ಬಿಲ್ಲಿ ಬ್ರೆನನ್‌ನ ಕಣಜದಲ್ಲಿ ನಡೆಯುವ ಕುಣಿತಕ್ಕೆ ಹೋಗಿಬಿಟ್ಟಿದ್ದಾರೆ. ಕವಿ ಎಂಬ ಹೆಸರು ಹೊತ್ತ ತಪ್ಪಿಗೆ ಇವನೊಬ್ಬ ಹೊರಗೆ ಉಳಿದಿದ್ದಾನೆ. ಒಂದು ಮೈಲಿ ರಸ್ತೆಯ ರಾಜ ತಾನೇ ಎಂದು ಹೇಳಿಕೊಳ್ಳುವಾಗ ಹೆಮ್ಮೆಯೂ ಇದೆ, ಉರಿಯೂ ಇದೆ. ಕತ್ತಲೆ ಎಂದು ಓದಿದರೆ ಆ ಉರಿ ಮಾಯವಾಗಿ ಬರೀ ವಿಷಾದ ಉಳಿಯುತ್ತದೆ.

‘ಶಾಂಕಡಫ್’ನಲ್ಲಿ ಗುಡ್ಡಗಳು ಸೂರ್ಯೋದಯವನ್ನೇ ಕಂಡಿಲ್ಲ ಎನ್ನುವುದು ಉತ್ಪ್ರೇಕ್ಷೆಯಲ್ಲವೇ?

ತುಸು ಹೌದು, ಆದರೆ ನೀವಂದುಕೊಂಡಷ್ಟಲ್ಲ. ಕ್ಯಾವನಾ ಮನೆತನದ ಈ ಹೊಲಗಳು ಉತ್ತರಕ್ಕೆ, ಆರ್ಮಾ ಕಡೆಗೆ ಇಳಿಜಾರಾಗಿವೆ. ಕರ್ನಾಟಕದಲ್ಲಿ ಬೇಸಿಗೆ ಸೂರ್ಯ ನೆತ್ತಿಯ ಮೇಲೆ ಬಂದು ಉತ್ತರಕ್ಕೂ ಒಂದಿಷ್ಟು ವಾಲುತ್ತಾನೆ. ಹಾಗಾಗಿ ಉತ್ತರಮುಖದ ಗುಡ್ಡ ಎಂದರೆ ನಮಗೆ ವಿಶೇಷವೇನೂ ಅನ್ನಿಸುವುದಿಲ್ಲ. ಅಲ್ಲಿ ಡಿಸೆಂಬರ್‌ನ ನಡುಹಗಲಲ್ಲೂ ಸೂರ್ಯ ದಕ್ಷಿಣ ದಿಗಂತದಿಂದ ಏರುವುದು 12-13 ಡಿಗ್ರಿಯಷ್ಟೇ. ಉತ್ತರದ ಇಳಿಜಾರಿಗೆ ವಾರಗಟ್ಟಲೆ ಬಿಸಿಲು ತಾಗುವುದಿಲ್ಲ. ಮಾರ್ಚ್ ತಿಂಗಳ ಹೊಳೆಯುವ ಶಿಲ್ಲಿಂಗ್ ನಾಣ್ಯಗಳನ್ನು ಗುಡ್ಡ ಬಚ್ಚಿಟ್ಟುಕೊಂಡಿದೆ, ಸೂರ್ಯ ಒಂದೊಂದೇ ಜೇಬು ತಡಕುತ್ತಿದ್ದಾನೆ ಎಂಬ ಸಾಲು ಬರುತ್ತದಲ್ಲ, ಅದು ಹಳ್ಳಕೊಳ್ಳದಲ್ಲಿ ಕರಗದೆ ಉಳಿದ ಹಿಮದ ತುಣುಕುಗಳ ಮಾತು. ಬೇಸಾಯಗಾರನಿಗೆ ಅದರ ಅರ್ಥ ಹುಲ್ಲು ತಡವಾಗಿ ಚಿಗುರುತ್ತದೆ, ದನಕ್ಕೆ ಮೇವಿಲ್ಲ ಎಂದು. ಆದ್ದರಿಂದಲೇ ಕೊನೆಯಲ್ಲಿ ದನ ಹೊಡೆದುಕೊಂಡು ಹೋಗುವವರು, ಈ ಹಸಿದ ಗುಡ್ಡ ಯಾರದ್ದಪ್ಪಾ ಎಂದು ಕೇಳುತ್ತಾರೆ. ಒಬ್ಬ ಕವಿಯದು ಎಂದಾಗ ಹಾಗಾದರೆ ಅವನು ಬಡವನೇ ಸರಿ ಎನ್ನುತ್ತಾರೆ. ಅದು ಮಣ್ಣಿನ ಗುಣ ನೋಡಿ ಕಟ್ಟಿದ ಬೆಲೆ.

‘ಎ ಕ್ರಿಸ್ಮಸ್ ಚೈಲ್ಡ್‌ಹುಡ್’ನಲ್ಲಿ ಆಲೂಗಡ್ಡೆ ‘ಪಿಟ್’ನ ಒಂದು ಬದಿ ಮಾತ್ರ ಹಿಮಗಟ್ಟಿ ಬೆಳ್ಳಗಿರುವುದೂ ಇಂಥದೇ ಕಣ್ಣಳತೆ. ಈ ‘ಪಿಟ್’ ಉತ್ತರ ಕರ್ನಾಟಕದ ಹಗೇವಿನಂತೆ ನೆಲದೊಳಗಿನ ಗುಂಡಿಯಲ್ಲ. ಆಲೂಗಡ್ಡೆಯನ್ನು ಹೊಲದಲ್ಲೇ ಉದ್ದಕ್ಕೆ ರಾಶಿ ಹಾಕಿ, ಒಣಹುಲ್ಲು ಹೊದಿಸಿ, ಮೇಲೆ ಮಣ್ಣು ಮುಚ್ಚಿದ ದಿಬ್ಬ ಅದು. ಗುಂಡಿ ಎಂದು ಭಾವಿಸಿದರೆ ‘ಒಂದು ಬದಿ’ ಎಂಬುದಕ್ಕೆ ಅರ್ಥವೇ ಇರುವುದಿಲ್ಲ.

‘ಸ್ಪ್ರೇಯಿಂಗ್ ದ ಪೊಟೇಟೋಸ್’ನಲ್ಲಿ ನೀಲಿ ಪೀಪಾಯಿಗಳು ಬರುತ್ತವೆ. ಏನದು?

ಮೈಲುತುತ್ತದ ದ್ರಾವಣ. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಈ ಕವಿತೆಗೆ ಟಿಪ್ಪಣಿಯೇ ಬೇಡ. 1845ರಿಂದ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿ, ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾದ ರೋಗಾಣು ಫೈಟಾಫ್ತೊರಾ ಇನ್ಫೆಸ್ಟನ್ಸ್. ನಮ್ಮ ಅಡಿಕೆಗೆ ಮಳೆಗಾಲದಲ್ಲಿ ಬರುವ ಕೊಳೆರೋಗವೂ ಫೈಟಾಫ್ತೊರಾ ಕುಲದ್ದೇ. ಮದ್ದೂ ಒಂದೇ ಜಾತಿಯದು. 20ನೇ ಶತಮಾನದ ಆರಂಭದಲ್ಲಿ ಮೈಸೂರು ಸರ್ಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಿಗೆ ಬೋರ್ಡೋ ದ್ರಾವಣ ರೂಢಿ ಮಾಡಿಸಿದ.

ಇಲ್ಲಿ ಶೇಕಡಾ 1ರ ಬೋರ್ಡೋ ಸಾಮಾನ್ಯ: 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರು ಹುಯ್ಯುತ್ತಾ ಕದಡುವುದು. ಐರ್ಲೆಂಡಿನಲ್ಲಿ ಸುಣ್ಣದ ಬದಲು ವಾಷಿಂಗ್ ಸೋಡಾ ಬೆರೆಸುವ ಬರ್ಗಂಡಿ ದ್ರಾವಣ ಹೆಚ್ಚು ಬಳಕೆಯಲ್ಲಿತ್ತು: 40 ಗ್ಯಾಲನ್ ನೀರಿಗೆ 8 ಪೌಂಡ್ ತುತ್ತ, 10 ಪೌಂಡ್ ಸೋಡಾ, ಅಂದರೆ ಶೇಕಡಾ 2. ಕೆಡುವುದು ಎರಡು ಮೂರು ಕಡೆ. ಸುಣ್ಣವೋ ಸೋಡಾವೋ ಕಡಿಮೆಯಾದರೆ ತುತ್ತದ ಹುಳಿ ಉಳಿದು ಎಲೆ ಸುಡುತ್ತದೆ. ದ್ರಾವಣದಲ್ಲಿ ಕಬ್ಬಿಣದ ಚಾಕು ಅದ್ದಿದಾಗ ತಾಮ್ರದ ಕೆಂಪು ಹತ್ತಿದರೆ ಅದೇ ಗುರುತು. ಅಂದೇ ಹೊಡೆಯದೆ ಇಟ್ಟರೆ ಎಲೆಗೆ ಅಂಟುವ ಗುಣ ಹೋಗುತ್ತದೆ. ಹೊಡೆದು ಒಣಗುವ ಮೊದಲೇ ಮಳೆ ಬಂದರೆ ಅಷ್ಟೂ ತೊಳೆದುಹೋಗುತ್ತದೆ. ಹೀಗಾಗಿ ಜುಲೈಯ ಬಿಸಿಲಿನ ದಿನಕ್ಕೆ ಕಾದಿದ್ದು ಪೀಪಾಯಿಗಳನ್ನು ಹೊಲದ ಬದುವಿಗೆ ತಂದಿಡುತ್ತಾರೆ, ಬೆನ್ನಿಗೆ ಸ್ಪ್ರೇಯರ್ ಕಟ್ಟಿಕೊಳ್ಳುತ್ತಾರೆ. ಕವಿತೆಯಲ್ಲಿರುವುದು ಅಂಥ ಒಂದು ದಿನ. ಕೆರ್ಸ್ ಪಿಂಕ್, ಆರನ್ ಬ್ಯಾನರ್ ಎಂದು ಅವನು ಕರೆಯುವುದು ಆಲೂಗಡ್ಡೆ ತಳಿಗಳನ್ನು. ಮುಳುಗಿದ ಮುಳ್ಳುಗಿಡದ ಎಲೆಯೊಂದರ ಮೇಲೆ, ತಾಮ್ರದ ವಿಷ ಕುಡಿದು ಸತ್ತ ಕಣಜದ ಹುಳ ಪೀಪಾಯಿಯಲ್ಲಿ ತೇಲುತ್ತಿರುತ್ತದೆ. ಔಷಧಿ ಹೊಡೆದ ಯಾರಾದರೂ ಕಂಡಿರುವ ದೃಶ್ಯ.

‘ಎಪಿಕ್’ನಲ್ಲಿ ಜಗಳವಾಗುವ ‘ಅರ್ಧ ರೂಡ್’ ಎಂದರೆ ಎಷ್ಟು ನೆಲ?

ಎಕರೆಯ ಕಾಲು ಭಾಗ ಒಂದು ರೂಡ್. ಅರ್ಧ ರೂಡ್ ಎಂದರೆ ಎಕರೆಯ ಎಂಟನೇ ಒಂದು ಭಾಗ, ನಮ್ಮ ಲೆಕ್ಕದಲ್ಲಿ ಸರಿಯಾಗಿ 5 ಗುಂಟೆ. ಅದೂ ಬರೀ ಬಂಡೆ, ಯಾರಿಗೂ ಸೇರದ ಜಾಗ. ಅದಕ್ಕಾಗಿ ಎರಡು ಮನೆಯವರು ಹುಲ್ಲೆತ್ತುವ ಕವೆಗೋಲು ಹಿಡಿದು ನಿಂತಿದ್ದಾರೆ. ಡಫಿಗಳು ಶಾಪ ಹಾಕುತ್ತಾರೆ; ಮುದುಕ ಮೆಕೇಬ್ ಅಂಗಿ ಕಳಚಿ ಬರಿಮೈಯಲ್ಲಿ ಜಾಗವನ್ನು ಹೆಜ್ಜೆ ಹಾಕಿ ಅಳೆಯುತ್ತಾ, ಗಡಿ ಇದೇ ಎನ್ನುತ್ತಾನೆ. ಅದು 1938, ಯುರೋಪಿನ ದೊಡ್ಡ ದೇಶಗಳು ಹಿಟ್ಲರನ ಜೊತೆ ಮ್ಯೂನಿಕ್ ಒಪ್ಪಂದ ಮಾಡಿಕೊಂಡ ವರ್ಷ. ಇವೆರಡರಲ್ಲಿ ಯಾವುದು ದೊಡ್ಡದು ಎಂದು ಕವಿ ಗೊಂದಲಕ್ಕೆ ಬಿದ್ದಾಗ ಗ್ರೀಕ್ ಮಹಾಕವಿ ಹೋಮರನ ಪ್ರೇತ ಬಂದು, ಇಂಥದೇ ಒಂದು ಊರ ಜಗಳದಿಂದ ಇಲಿಯಡ್ ಮಾಡಿದೆ ನಾನು ಎಂದು ಕಿವಿಯಲ್ಲಿ ಹೇಳುತ್ತದೆ. ಹದಿನಾಲ್ಕೇ ಸಾಲು. ಬದು ಒತ್ತುವರಿಯ ಕೇಸು ತಾಲ್ಲೂಕು ಕಚೇರಿಗೆ ಅಲೆಯುವುದನ್ನು ಕಂಡವರಿಗೆ ಹೋಮರ್ ಹೇಳಿದ್ದು ತಕ್ಷಣ ಹೊಳೆಯುತ್ತದೆ.

ಪ್ಯಾರಿಷ್ ಕವಿ ಎಂದರೆ ಸಂಕುಚಿತ ಎಂದಲ್ಲವೇ?

ಅವನು ಅದನ್ನು ತಲೆಕೆಳಗು ಮಾಡಿದ. 1952ರಲ್ಲಿ ಬರೆದ ಲೇಖನದಲ್ಲಿ ಎರಡು ಬಗೆಯ ಮನಸ್ಸನ್ನು ಬೇರೆ ಮಾಡುತ್ತಾನೆ. ಪ್ರಾಂತೀಯ ಮನಸ್ಸಿನವನು ರಾಜಧಾನಿ ಏನನ್ನುತ್ತದೆ ಎಂದು ಕೇಳಿಕೊಳ್ಳದೆ ತನ್ನ ಕಣ್ಣನ್ನೇ ನಂಬುವುದಿಲ್ಲ. ಪ್ಯಾರಿಷ್‌ನವನಿಗೆ ತನ್ನ ಊರು ಕಾವ್ಯಕ್ಕೆ, ವಿಚಾರಕ್ಕೆ ಸಾಲುತ್ತದೆಯೇ ಎಂಬ ಅನುಮಾನವೇ ಇಲ್ಲ. ಗ್ರೀಕರ, ಇಸ್ರೇಲಿಗಳ ನಾಗರಿಕತೆಗಳು ಪ್ಯಾರಿಷ್ ಮನಸ್ಸಿನವೇ ಎಂಬುದು ಅವನ ವಾದ. ಇದು ಊರಭಿಮಾನದ ಭಾಷಣವಲ್ಲ. ಇನಿಸ್ಕೀನ್ ಬಗ್ಗೆ ಅವನಷ್ಟು ಕಟುವಾಗಿ ಬರೆದವರಿಲ್ಲ. ‘ಸ್ಟೋನಿ ಗ್ರೇ ಸಾಯಿಲ್’ ಪದ್ಯದಲ್ಲಿ ತನ್ನ ಯೌವನ ಕದ್ದ ಕಳ್ಳ ಎಂದು ಆ ಮಣ್ಣನ್ನೇ ಬೈದಿದ್ದಾನೆ.

‘ದಿ ಗ್ರೇಟ್ ಹಂಗರ್’ ಬರಗಾಲದ ಕವಿತೆಯೇ?

ಹೆಸರು 1845ರಲ್ಲಿ ಶುರುವಾದ ಆ ಬರಗಾಲದ್ದು, ಹಸಿವು ಬೇರೆಯದು. ಕಾಲ ಕ್ಯಾವನಾನದೇ ಕಾಲ. ಪ್ಯಾಟ್ರಿಕ್ ಮಗೈರ್ ಎಂಬ ರೈತನ ಮನೆಯಲ್ಲಿ ಉಣ್ಣಲು ಕೊರತೆಯಿಲ್ಲ. ಅವನಿಗಿಲ್ಲದ್ದು ಹೆಣ್ಣಿನ ಸಂಗ, ಮಕ್ಕಳು, ಒಂದಿಷ್ಟು ಸಂತೋಷ.

ಇದರ ಹಿಂದೆ ಲೆಕ್ಕಾಚಾರವಿದೆ. ಬರಗಾಲದ ನಂತರ ಐರಿಷ್ ರೈತರು ಜಮೀನು ಹಿಸ್ಸೆ ಮಾಡುವುದನ್ನು ನಿಲ್ಲಿಸಿದರು. ಒಬ್ಬ ಮಗನಿಗೆ ಪೂರ್ತಿ ಹೊಲ, ಉಳಿದವರಿಗೆ ಹಡಗಿನ ಟಿಕೆಟ್ಟು. ಆ ಒಬ್ಬ ಮಗನೂ ಯಜಮಾನಿಕೆ ಕೈಗೆ ಬರುವವರೆಗೆ ಮದುವೆಯಾಗುವಂತಿಲ್ಲ; ಒಂದು ಒಲೆಗೆ ಇಬ್ಬರು ಯಜಮಾನತಿಯರು ಕೂಡದು. ಮಗೈರ್‌ನ ತಾಯಿ 91 ವರ್ಷ ಬದುಕುತ್ತಾಳೆ. ಅವಳು ಕಣ್ಣು ಮುಚ್ಚುವಾಗ ಮಗನಿಗೆ 65. ಪಾದ್ರಿಯ ಉಪದೇಶ, ತಾಯಿಯ ಮಾತು, ಹೊಲದ ಕೆಲಸ ಮೂರೂ ಸೇರಿ ಅವನನ್ನು ಮುಗಿಸುತ್ತವೆ. ಅಕ್ಟೋಬರ್‌ನ ಗುಡ್ಡದ ಮೇಲೆ ಆಲೂಗಡ್ಡೆ ಆಯುವವರ ಚಿತ್ರದಿಂದ ಶುರುವಾಗಿ ಹದಿನಾಲ್ಕು ಭಾಗಗಳಲ್ಲಿ ಸಾಗುವ ಕವಿತೆಯಲ್ಲಿ ಲಯ ಆಗಾಗ ಬದಲಾಗುತ್ತದೆ. ಪ್ರಾಸ ಬಂದು ಹೋಗುತ್ತದೆ, ಆಡುಮಾತು ನುಗ್ಗುತ್ತದೆ. ಗಟ್ಟಿಯಾಗಿ ಓದಿದರೆ ಹಿಡಿತಕ್ಕೆ ಬರುತ್ತದೆ.

ರೈತನ ಬದುಕು ಸರಳ, ಪವಿತ್ರ ಎಂದು ಡಬ್ಲಿನ್ನಿನ ಸಾಹಿತಿಗಳೂ ರಾಜಕಾರಣಿಗಳೂ ಹೇಳುತ್ತಿದ್ದ ಕಾಲದಲ್ಲಿ ಇದು ಬಂತು. 1942ರಲ್ಲಿ ಕ್ವಾಲಾ ಪ್ರೆಸ್ 250 ಪ್ರತಿ ಅಚ್ಚು ಹಾಕಿತು. ಅದಕ್ಕೂ ಮೊದಲು ಒಂದು ಭಾಗ ಲಂಡನ್ನಿನ ‘ಹೊರೈಜ಼ನ್’ ಪತ್ರಿಕೆಯಲ್ಲಿ ಬಂದಾಗ ಪೊಲೀಸರು ಕವಿಯನ್ನು ವಿಚಾರಿಸಲು ಬಂದಿದ್ದರು. ವಿಚಿತ್ರವೆಂದರೆ ಕೊನೆಗಾಲದಲ್ಲಿ ಅವನೇ ಇದರಿಂದ ದೂರ ಸರಿದ. ಒಳ್ಳೆಯ ಕಾವ್ಯಕ್ಕಿರಬೇಕಾದ ನೆಮ್ಮದಿ ಇದಕ್ಕಿಲ್ಲ ಎಂದ. ಆ ತೀರ್ಪನ್ನು ನಾವು ಒಪ್ಪುವುದಿಲ್ಲ.

‘ದ ಗ್ರೀನ್ ಫೂಲ್’ ಓದಬೇಕೇ?

1938ರ ಈ ಆತ್ಮಕಥನ ಓದಲು ಸೊಗಸು. ಆದರೆ ಲಂಡನ್ನಿನ ಓದುಗರನ್ನು ನಗಿಸಲು ಹಳ್ಳಿಗನ ವೇಷ ಹಾಕಿದ ಬರಹ, ಸುಳ್ಳು ಎಂದು ಅವನೇ ಆಮೇಲೆ ಜರೆದ. 1948ರ ‘ಟ್ಯಾರಿ ಫ್ಲಿನ್’ ಅದೇ ಬದುಕನ್ನು ನಿಜವಾದ ತೂಕದಲ್ಲಿ ಹೇಳುತ್ತದೆ. ಐರ್ಲೆಂಡಿನಲ್ಲಿ ಅದಕ್ಕೆ ಸ್ವಲ್ಪ ಕಾಲ ನಿಷೇಧವಿತ್ತು. ಎರಡರಲ್ಲಿ ಒಂದೇ ಓದುವುದಾದರೆ ಕಾದಂಬರಿಯನ್ನೇ ಓದಿ.

ಅವನ ಮೇಲೆ ಮಾನನಷ್ಟ ಮೊಕದ್ದಮೆ ಆಯಿತಂತೆ?

ಎರಡು ಪ್ರತ್ಯೇಕ ಪ್ರಕರಣಗಳು. ಜನ ಬೆರೆಸಿಬಿಡುತ್ತಾರೆ. ಮೊದಲನೆಯದರಲ್ಲಿ ಇವನು ಪ್ರತಿವಾದಿ. ವೈದ್ಯ-ಲೇಖಕ ಆಲಿವರ್ ಗೋಗರ್ಟಿಯ ಮನೆಗೆ ಹೋದಾಗ ಬಾಗಿಲು ತೆರೆದ ಕೆಲಸದಾಕೆಯನ್ನು ಅವನ ಹೆಂಡತಿಯೋ ಪ್ರೇಯಸಿಯೋ ಎಂದುಕೊಂಡೆ ಎಂದು ‘ದ ಗ್ರೀನ್ ಫೂಲ್’ನಲ್ಲಿ ಬರೆದಿದ್ದ. ಗೋಗರ್ಟಿ ದಾವೆ ಹೂಡಿ 1939ರಲ್ಲಿ ಗೆದ್ದ, ಪರಿಹಾರ 100 ಪೌಂಡ್. ಪುಸ್ತಕ ಮಾರುಕಟ್ಟೆಯಿಂದ ವಾಪಸಾಯಿತು.

ಎರಡನೆಯದರಲ್ಲಿ ಇವನೇ ವಾದಿ. 1952ರಲ್ಲಿ ‘ದ ಲೀಡರ್’ ಪತ್ರಿಕೆ ಇವನನ್ನು ಪಬ್ಬಿನಲ್ಲಿ ಕೂತು ಶಿಷ್ಯರಿಗೆ ಪ್ರವಚನ ಕೊಡುವ ಕುಡುಕನಂತೆ ಚಿತ್ರಿಸಿ, ಹೆಸರಿಲ್ಲದ ಲೇಖನ ಹಾಕಿತು. 1954ರ ಫೆಬ್ರವರಿಯಲ್ಲಿ ವಿಚಾರಣೆ ನಡೆದು ಸೋತ. ಪಾಟೀಸವಾಲಿನಲ್ಲಿ ಇವನನ್ನು ಹಣ್ಣು ಮಾಡಿದ ವಕೀಲ ಜಾನ್ ಕಾಸ್ಟೆಲೊ, ಮಾಜಿ ಪ್ರಧಾನಿ. ಅದೇ ವರ್ಷ ಮತ್ತೆ ಪ್ರಧಾನಿಯಾದವನು. ಮೇಲ್ಮನವಿಯಲ್ಲಿ ಮರುವಿಚಾರಣೆಗೆ ಆದೇಶವಾಗಿ, ಆಮೇಲೆ ರಾಜಿಯಲ್ಲಿ ಮುಗಿಯಿತು. ಕ್ಯಾವನಾ ಕಾಯಿಲೆ ಬಿದ್ದ ಮೇಲೆ ಯೂನಿವರ್ಸಿಟಿ ಕಾಲೇಜ್ ಡಬ್ಲಿನ್‌ನಲ್ಲಿ ಉಪನ್ಯಾಸದ ಸಣ್ಣ ಕೆಲಸ ಕೊಡಿಸಲು ನೆರವಾದವನೂ ಇದೇ ಕಾಸ್ಟೆಲೊ.

ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದ?

ಪತ್ರಿಕೆಗಳಿಗೆ ಬರೆಯುತ್ತಿದ್ದ: ‘ಐರಿಷ್ ಪ್ರೆಸ್’ಗೆ ಅಂಕಣ, ‘ಸ್ಟ್ಯಾಂಡರ್ಡ್’ಗೆ ಸಿನಿಮಾ ವಿಮರ್ಶೆ, ‘ಎನ್ವಾಯ್’ಗೆ ತಿಂಗಳ ದಿನಚರಿ. 1952ರಲ್ಲಿ ತಮ್ಮ ಪೀಟರ್ ಜೊತೆ ಸೇರಿ ‘ಕ್ಯಾವನಾಸ್ ವೀಕ್ಲಿ’ ಹೊರಡಿಸಿದ. 13 ಸಂಚಿಕೆಗೆ ದುಡ್ಡು ಮುಗಿಯಿತು.

‘ರ‍್ಯಾಗ್ಲನ್ ರೋಡ್’ ಹಾಡು ಇವನದೇ?

ಹೌದು. ಪದ್ಯ 1946ರಲ್ಲಿ ‘ಐರಿಷ್ ಪ್ರೆಸ್’ನಲ್ಲಿ ಬಂದಾಗ ಶೀರ್ಷಿಕೆ ಬೇರೆಯಿತ್ತು, ನಾಯಕಿಯ ಹೆಸರು ಮಿರಿಯಂ ಎಂದಿತ್ತು. ನಿಜದಲ್ಲಿ ಅದು ಹಿಲ್ಡಾ ಮೊರಿಯಾರ್ಟಿ, ಕೆರಿ ಕೌಂಟಿಯಿಂದ ಡಬ್ಲಿನ್ನಿಗೆ ಬಂದಿದ್ದ ವೈದ್ಯಕೀಯ ವಿದ್ಯಾರ್ಥಿನಿ. ಇವನಿಗೆ ನಲವತ್ತು, ಆಕೆಗೆ ಇಪ್ಪತ್ತರ ಆರಂಭ. ಆಕೆ 1947ರಲ್ಲಿ ಮದುವೆಯಾದದ್ದು ಡೋನಾ ಓಮ್ಯಾಲಿಯನ್ನು. ಮುಂದೆ ಶಿಕ್ಷಣ ಮಂತ್ರಿಯಾಗಿ ಐರ್ಲೆಂಡಿನಲ್ಲಿ ಉಚಿತ ಪ್ರೌಢಶಿಕ್ಷಣ ತಂದವನು. ಮಟ್ಟು ಹಳೆಯದು, ‘ದ ಡಾನಿಂಗ್ ಆಫ್ ದ ಡೇ’. ಅದನ್ನು ಮನೆಮಾತಾಗಿಸಿದವನು ‘ಡಬ್ಲಿನರ್ಸ್’ ತಂಡದ ಲೂಕ್ ಕೆಲಿ. ಹಾಡುವವರು ಸಾಲುಗಳನ್ನು ಅಲ್ಲಲ್ಲಿ ಬದಲಿಸುತ್ತಾರೆ, ಹಾಗಾಗಿ ಕೇಳಿ ಬರೆದುಕೊಂಡ ಪಾಠವನ್ನು ಪ್ರಬಂಧಗಳಲ್ಲಿ ಉಲ್ಲೇಖಿಸಬೇಡಿ.

1955ರಲ್ಲಿ ಏನಾಯಿತು?

ಮಾರ್ಚ್‌ನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾಯಿತು. ಡಬ್ಲಿನ್ನಿನ ರಿಯಾಲ್ಟೊ ಆಸ್ಪತ್ರೆಯಲ್ಲಿ ಒಂದು ಶ್ವಾಸಕೋಶ ತೆಗೆದರು. ಆ ಬೇಸಿಗೆಯಲ್ಲಿ ಬ್ಯಾಗಟ್ ಸ್ಟ್ರೀಟ್ ಸೇತುವೆ ಬಳಿ ಗ್ರ್ಯಾಂಡ್ ಕೆನಾಲ್ ದಡದಲ್ಲಿ ಕೂತು ಚೇತರಿಸಿಕೊಂಡ. ತಾನು ಕವಿಯಾಗಿ ಹುಟ್ಟಿದ್ದೇ ಅಲ್ಲಿ ಎಂದು ಆಮೇಲೆ ಹೇಳಿಕೊಂಡ. ಅತಿಶಯವಿರಬಹುದು, ಆದರೆ ಬರಹದ ದನಿ ಬದಲಾದದ್ದು ನಿಜ: ಜಗಳಗಂಟ ಹಿಂದೆ ಸರಿದ, ಇರುವುದನ್ನು ಇದ್ದಂತೆ ಕಂಡು ಹೆಸರು ಹೇಳಿದರೆ ಸಾಕೆನ್ನುವವನು ಮುಂದೆ ಬಂದ. ‘ದ ಹಾಸ್ಪಿಟಲ್’ನಲ್ಲಿ ಅವನು ಮನಸೋಲುವುದು ಎದೆರೋಗದ ವಾರ್ಡಿನ ಸಾಲು ಸಾಲು ಚೌಕ ಕೋಣೆ, ಕಾಂಕ್ರೀಟು, ಕೈ ತೊಳೆಯುವ ಬೇಸಿನ್ನು, ಲಾರಿ ಗುದ್ದಿ ಬಾಗಿದ ಗೇಟಿಗೆ. ಪಕ್ಕದ ಮಂಚದವನ ಗೊರಕೆಯನ್ನೂ ಬಿಟ್ಟಿಲ್ಲ. ಕಾಲುವೆ ಸಾನೆಟ್‌ನಲ್ಲಿ ಅಥೈ ಊರಿಂದ ಬರುವ ಸರಕು ದೋಣಿ ಇದೆ. ಆ ಕಾಲುವೆಯ ಸರಕು ಸಾಗಣೆ 1960ರಲ್ಲಿ ನಿಂತುಹೋಯಿತು. ಈ ಪದ್ಯಗಳು 1960ರ ‘ಕಮ್ ಡಾನ್ಸ್ ವಿತ್ ಕಿಟ್ಟಿ ಸ್ಟೋಬ್ಲಿಂಗ್’ ಸಂಕಲನದಲ್ಲಿವೆ.

ಡಬ್ಲಿನ್ನಿಗೆ ಹೋದರೆ ಏನೇನು ನೋಡಬಹುದು?

ಕಾಲುವೆಯ ಬಳಿ ಎರಡು ಆಸನಗಳಿವೆ, ಹೆಚ್ಚಿನವರು ಒಂದನ್ನೇ ನೋಡಿ ಮರಳುತ್ತಾರೆ. ಬ್ಯಾಗಟ್ ಸ್ಟ್ರೀಟ್ ಸೇತುವೆಗೆ ಬಂದರೆ ಉತ್ತರ ದಡದಲ್ಲಿ ಜಾನ್ ಕಾಲ್ ಮಾಡಿದ 1991ರ ಕಂಚಿನ ಪ್ರತಿಮೆ: ಕವಿ ಬೆಂಚಿನ ಒಂದು ತುದಿಗೆ ಕೈಕಟ್ಟಿ ಕೂತಿದ್ದಾನೆ, ಟೋಪಿ ಪಕ್ಕದಲ್ಲಿದೆ. ದಕ್ಷಿಣ ದಡದಲ್ಲಿ 1968ರ ಮಾರ್ಚ್ 17ರಂದು ಗೆಳೆಯರು ಇಟ್ಟ ಸರಳ ಆಸನ. ಗೋರಿ ಕಟ್ಟಬೇಡಿ, ದಾರಿಹೋಕರಿಗೆ ಕಾಲುವೆ ಬದಿ ಒಂದು ಆಸನ ಸಾಕು ಎಂದು ಪದ್ಯದಲ್ಲಿ ಕೇಳಿದ್ದನ್ನು ನಡೆಸಿಕೊಟ್ಟದ್ದು ಇದು.

ಇನಿಸ್ಕೀನ್‌ಗೆ ಹೋಗಲು ಡಬ್ಲಿನ್‌ನ ಕಾನಲಿ ನಿಲ್ದಾಣದಿಂದ ಡಂಡಾಕ್‌ಗೆ ರೈಲು ಹಿಡಿಯಿರಿ, ಒಂದು ಗಂಟೆಯ ಆಸುಪಾಸು. ಅಲ್ಲಿಂದ ಹತ್ತು-ಹದಿನೈದು ಕಿಲೋಮೀಟರಿಗೆ ಟ್ಯಾಕ್ಸಿ. ಹಳೆಯ ಸೇಂಟ್ ಮೇರೀಸ್ ಚರ್ಚೇ ಈಗ ಪ್ಯಾಟ್ರಿಕ್ ಕ್ಯಾವನಾ ಕೇಂದ್ರ. ಸಮಾಧಿ ಅದರ ಅಂಗಳದಲ್ಲೇ ಇದೆ. 1967ರ ಏಪ್ರಿಲ್‌ನಲ್ಲಿ ಅವನನ್ನು ಮದುವೆಯಾದ, 1989ರಲ್ಲಿ ತೀರಿಕೊಂಡ ಕ್ಯಾಥರೀನ್ ಮೊಲೋನಿಯನ್ನೂ ಇಲ್ಲೇ ಮಣ್ಣು ಮಾಡಿದ್ದಾರೆ.

ಯಾವ ಆವೃತ್ತಿ ಕೊಳ್ಳಬೇಕು?

ಆಂಟ್ವನೆಟ್ ಕ್ವಿನ್ ಸಂಪಾದಿಸಿದ 2004ರ ‘ಕಲೆಕ್ಟೆಡ್ ಪೋಯಮ್ಸ್’. ಕವಿತೆಗಳು ಬರೆದ ಕಾಲಕ್ರಮದಲ್ಲಿವೆ, ಟಿಪ್ಪಣಿಗಳೂ ಇವೆ. 1964ರ ಅದೇ ಹೆಸರಿನ ಸಂಕಲನದಲ್ಲಿ ಕ್ರಮ ಬೇರೆ, ಆದ್ದರಿಂದ ಹಳೆಯ ವಿಮರ್ಶೆಗಳ ಪುಟಸಂಖ್ಯೆ ತಾಳೆಯಾಗುವುದಿಲ್ಲ. ಬದುಕಿನ ವಿವರಕ್ಕೆ ಕ್ವಿನ್ ಅವರೇ ಬರೆದ 2001ರ ಜೀವನಚರಿತ್ರೆ.

ಕನ್ನಡಕ್ಕೆ ಅನುವಾದಿಸಿ ಪ್ರಕಟಿಸಬಹುದೇ?

ಸದ್ಯಕ್ಕೆ ಅನುಮತಿ ಬೇಕು. ಭಾರತದಲ್ಲಿ ಹಕ್ಕುಸ್ವಾಮ್ಯ ಲೇಖಕ ಸತ್ತ ಮರುವರ್ಷದ ಆರಂಭದಿಂದ 60 ವರ್ಷ. ಬದುಕಿದ್ದಾಗ ಪ್ರಕಟವಾದ ಕೃತಿಗಳಿಗೆ ಅದು 2027ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಸತ್ತ ನಂತರ ಮೊದಲ ಸಲ ಅಚ್ಚಾದವುಗಳಿಗೆ ಅಚ್ಚಾದ ವರ್ಷದಿಂದ ಎಣಿಕೆ, ಆದ್ದರಿಂದ ಪ್ರತಿ ಪದ್ಯದ ಮೊದಲ ಪ್ರಕಟಣೆಯ ವರ್ಷ ನೋಡಿಕೊಳ್ಳಿ. ಐರ್ಲೆಂಡ್ ಮತ್ತು ಬ್ರಿಟನ್ನಿನಲ್ಲಿ 70 ವರ್ಷ, ಅಂದರೆ 2037ರ ಕೊನೆ. ಡಬ್ಲಿನ್ನಿನಲ್ಲೋ ಲಂಡನ್ನಿನಲ್ಲೋ ಇರುವ ಕನ್ನಡ ಸಂಘ ಸ್ಮರಣ ಸಂಚಿಕೆಯಲ್ಲಿ ಅಚ್ಚು ಹಾಕುವುದಾದರೆ ಆ ಲೆಕ್ಕ ಅನ್ವಯಿಸುತ್ತದೆ. ಹಕ್ಕು ಕ್ಯಾಥರೀನ್ ಕ್ಯಾವನಾ ಅವರ ಆಸ್ತಿಯ ಟ್ರಸ್ಟಿಗಳ ಬಳಿ ಇದೆ. ಪತ್ರ ಬರೆಯುವಾಗ ಪದ್ಯಗಳ ಹೆಸರು, ಎಷ್ಟು ಪ್ರತಿ, ಮಾರಾಟಕ್ಕೋ ಉಚಿತವೋ, ಅಂತರ್ಜಾಲದಲ್ಲೂ ಹಾಕುತ್ತೀರೋ ಎಂಬುದನ್ನು ಮೊದಲ ಪತ್ರದಲ್ಲೇ ತಿಳಿಸಿ.